ಪ್ರಾಕ್ಟೀಸಲ್ಲಿ ಬೀಳುವ ಗೋಲು ಪಂದ್ಯದ ದಿನ ಯಾಕೆ ಬೀಳಲ್ಲ?

ನಾಲ್ನಾಡಿನವ:

ಎಲ್ಲರಿಗೂ ನಮಸ್ಕಾರ. ಈ ಸಲ ಕೊಡವ ಹಾಕಿ ಹಬ್ಬಕ್ಕೆ ನಮ್ಮ ಒಕ್ಕದ (ಮನೆತನದ) ಟೀಮಿನ ಮ್ಯಾನೇಜರ್‌ಗಿರಿ ನನ್ನ ಹೆಗಲಿಗೆ ಬಿದ್ದಿದೆ. ಆಟಗಾರರಿಗೇನೂ ಕೊರತೆ ಇಲ್ಲ. ಬೆಂಗಳೂರಿನ ಹುಡುಗರು ಬರ್ತಾರೆ, ಮಿಲಿಟರಿಯಲ್ಲಿರುವವ ರಜೆ ಹಾಕಿ ಬರ್ತಾನೆ, ತಂಗಿ ಮಗಳು ಫಾರ್ವರ್ಡ್ ಆಡ್ತಾಳೆ. ಸಮಸ್ಯೆ ಬೇರೆ ಉಂಟು. ಕಾಫಿ ಕಣದ ಪಕ್ಕದ ಬಯಲಲ್ಲಿ ಪೆನಾಲ್ಟಿ ಸ್ಟ್ರೋಕ್ (ಕೀಪರ್ ಒಬ್ಬನೇ ಎದುರಿಗಿರುವಾಗ ಗೋಲಿಗೆ ಹೊಡೆಯೋದು) ತಗೋ ಅಂದ್ರೆ ನಗ್ತಾ ನಗ್ತಾ ಮೂಲೆಗೆ ಹಾಕುವವರು, ಪಂದ್ಯದ ದಿನ ಸೀದಾ ಕೀಪರ್ ಪ್ಯಾಡಿಗೆ ಕೊಡ್ತಾರೆ. ಹೋದ ಸಲ ನಾವು ಹೊರಗೆ ಬಿದ್ದದ್ದೂ ಹೀಗೇ. ನಾಕೌಟ್ ಅಲ್ವಾ, ಒಂದು ಸೋತ್ರೆ ಮನೆಗೆ. ಆಮೇಲೆ ಮುಂದಿನ ವರ್ಷದವರೆಗೆ ಯಾವ ಮದುವೆಗೆ ಹೋದ್ರೂ ಊಟದ ಪಂಕ್ತಿಯಲ್ಲಿ ಅದೇ ಮಾತು.

ಒಬ್ರು ಹೇಳಿದ್ರು, ಹೊಡೆಯುವ ಮುಂಚೆ ಪ್ರತಿಯೊಬ್ಬನಿಗೂ ಒಂದು ‘ರೂಟೀನ್’ ಇರ್ಬೇಕು, ಅದನ್ನ ರೂಢಿ ಮಾಡ್ಸಿ ಅಂತ. ಇದರಲ್ಲಿ ಹುರುಳಿದೆಯಾ? ಅಥವಾ ಟೀವಿಯಲ್ಲಿ ಟೆನಿಸಿನ ನಡಾಲ್ ನೀರಿನ ಬಾಟ್ಲಿ ಜೋಡಿಸಿದ್ದು ನೋಡಿ ಹುಟ್ಟಿದ ಶೋಕಿಯಾ?

ಪಿ.ಟಿ. ಮೇಷ್ಟ್ರು:

ಶೋಕಿಯಲ್ಲ. ಆದರೆ ಹೆಚ್ಚಿನವರು ಅಂದುಕೊಂಡಿರುವ ಕಾರಣಕ್ಕೆ ಅದು ಕೆಲಸ ಮಾಡುವುದಿಲ್ಲ. ‘ಮನಸ್ಸು ಶಾಂತವಾಗುತ್ತೆ’ ಅಂತ ಎಲ್ಲರೂ ಹೇಳ್ತಾರೆ. ಶಾಂತವಾಗದೇ ಇರಬಹುದು, ಎದೆ ಹೊಡ್ಕೊಳ್ತಾನೇ ಇರಬಹುದು. ಆದರೂ ಚೆಂಡು ಮೂಲೆಗೆ ಹೋಗಬಹುದು.

ಒತ್ತಡದಲ್ಲಿ ಗುರಿ ತಪ್ಪೋದಕ್ಕೆ ಎರಡು ದಾರಿ. ಒಂದರಲ್ಲಿ ಗಮನ ಹೊರಗೆ ಓಡುತ್ತೆ: ತಪ್ಪಿದ್ರೆ ದೊಡ್ಡಪ್ಪ ಏನಂತಾರೆ, ಮೈಕಿನವ ನನ್ನ ಹೆಸರು ಹೇಗೆ ಕೂಗ್ತಾನೆ. ಇನ್ನೊಂದರಲ್ಲಿ ಗಮನ ಒಳಗೆ ಬರುತ್ತೆ: ಮಣಿಕಟ್ಟು ಎಷ್ಟು ತಿರುಗಿಸಲಿ, ಎಡಗಾಲು ಎಲ್ಲಿಡಲಿ. ನುರಿತ ಆಟಗಾರನಿಗೆ ಎರಡನೆಯದೇ ಹೆಚ್ಚು ಅಪಾಯ ಅಂತ ನನ್ನ ಲೆಕ್ಕ. ವರ್ಷಗಟ್ಟಲೆ ತಾನಾಗಿ ಆಗುತ್ತಿದ್ದ ಕೆಲಸವನ್ನು ಅವನು ಕೈಯಾರೆ ಬಿಚ್ಚಿ ತುಂಡು ತುಂಡಾಗಿ ನೋಡೋಕೆ ಹೋಗ್ತಾನೆ. ರಿಚ್ ಮಾಸ್ಟರ್ಸ್ ಅನ್ನುವವರು 1992ರಲ್ಲಿ ಗಾಲ್ಫ್ ಪಟಿಂಗ್ (ಚೆಂಡನ್ನ ಮೆಲ್ಲಗೆ ಗುಳಿಗೆ ತಳ್ಳೋದು) ಕಲಿಸಿ ಇದನ್ನ ಪರೀಕ್ಷೆ ಮಾಡಿದ್ರು. ಕೆಲವರಿಗೆ ಪಾಠ ಕೊಟ್ಟು ಕಲಿಸಿದ್ರು, ಕೆಲವರಿಗೆ ನಿಯಮವೇ ತಲೆಗೆ ಹೋಗದ ಹಾಗೆ ಕಲಿಸಿದ್ರು. ಒತ್ತಡ ಹಾಕಿದಾಗ ತಲೆಯಲ್ಲಿ ಪಾಠ ಇಟ್ಕೊಂಡವರೇ ಎಡವಿದ್ದು. 2001ರಲ್ಲಿ ಬೈಲಾಕ್ ಮತ್ತು ಕಾರ್ ಕೂಡ ಪಟಿಂಗ್‌ನಲ್ಲೇ ಇದೇ ದಿಕ್ಕಿನ ಫಲಿತಾಂಶ ಕೊಟ್ರು.

ರೂಟೀನ್ ಮಾಡುವ ಕೆಲಸ ಇಷ್ಟೇ. ಸೀಟಿ ಆಗುವವರೆಗಿನ ಆ ಖಾಲಿ ಸೆಕೆಂಡುಗಳಲ್ಲಿ ಗಮನ ಎಲ್ಲೆಲ್ಲೋ ಅಲೆಯದ ಹಾಗೆ ಅದಕ್ಕೊಂದು ಕೆಲಸ ಕೊಡುತ್ತೆ. ಕೆಲಸ ಅಂದ್ರೆ ಮಣಿಕಟ್ಟಿನ ಕೆಲಸ ಅಲ್ಲ, ಉಸಿರು, ನೋಟ, ಒಂದು ಪದ, ಅಷ್ಟು ಸಾಕು. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿ 2021ರಲ್ಲಿ ಒಂದು ವಿಶ್ಲೇಷಣೆ ಬಂತು. ಒತ್ತಡ ಇದ್ದಾಗಲೂ ಇಲ್ಲದಾಗಲೂ ಇದರಿಂದ ಪ್ರಯೋಜನ ಉಂಟು ಅಂತ ಅದರಲ್ಲಿ ಕಾಣುತ್ತೆ.

ಒಂದು ಷರತ್ತು: ಯಾವಾಗ ಶುರು ಮಾಡಬೇಕು ಅನ್ನೋದು ನಿಮ್ಮ ಕೈಲಿರುವ ಕೆಲಸಕ್ಕೆ ಮಾತ್ರ ಇದು. ಸ್ಟ್ರೋಕ್, ಫ್ರೀ ಥ್ರೋ, ಸರ್ವಿಸ್, ಗುಂಡು, ಬಾಣ ಎಲ್ಲ ಸರಿ. ಓಡ್ತಾ ಓಡ್ತಾ ಡಿಫೆಂಡರನ್ನ ತಪ್ಪಿಸೋದಕ್ಕೆ ಇದನ್ನ ಹಚ್ಚೋಕೆ ಹೋಗಬೇಡಿ.

ಬ್ರಹ್ಮಗಿರಿ:

ಮೇಷ್ಟ್ರೇ, ಗೌರವ ಇಟ್ಕೊಂಡೇ ಕೇಳ್ತೀನಿ. ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ನಮ್ಮ ಅಜ್ಜಂದಿರು ಮಾರುದ್ದದ ಹಳೇ ಕೋವಿ ಹಿಡಿದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಹಾರಿಸ್ತಿದ್ರಲ್ಲ, ಅವರಿಗೆ ಯಾವ ಮಾಸ್ಟರ್ಸು ಯಾವ ಬೈಲಾಕು ಪಾಠ ಹೇಳಿದ್ರು? ಊರೇ ನಿಂತು ನೋಡ್ತಿತ್ತು, ಅದೂ ಒತ್ತಡ ತಾನೆ. ಈಗಿನವರಿಗೆ ಎಲ್ಲದಕ್ಕೂ ಮನಶ್ಶಾಸ್ತ್ರ ಬೇಕು.

ತೋಕ್‌ಪೂ:

ಬ್ರಹ್ಮಗಿರಿ ಅಣ್ಣ, ಈ ಸಲ ಸೆಪ್ಟೆಂಬರಲ್ಲಿ ಕಾಯಿ ನೋಡ್ಬೇಡಿ, ಹೊಡೆಯುವವರನ್ನ ನೋಡಿ. ನಾನು ವಿರಾಜಪೇಟೆ ಕಡೆಯವಳು, ಈಗ ಮೈಸೂರಲ್ಲಿ ಏರ್ ರೈಫಲ್ ಮಾಡ್ತಾ ಇದ್ದೀನಿ. ಮೊದಲ ಪಾಠ ಕಲಿತದ್ದು ರೇಂಜಲ್ಲಲ್ಲ, ನಮ್ಮ ತಾತನನ್ನ ನೋಡಿ. ಅವರು ಗೆರೆ ಹತ್ರ ಬಂದ ಕೂಡಲೇ ಕೋವಿ ಎತ್ತುತ್ತಿರಲಿಲ್ಲ. ಹುಲ್ಲಿನ ಮೇಲೆ ಎರಡೂ ಕಾಲು ಊರಿ ಒಂದ್ಸಲ ಒದರಿ ನಿಲ್ಲುತ್ತಿದ್ರು. ಕಾಯಿ ನೋಡ್ತಿದ್ರು, ಆಮೇಲೆ ಕೋವಿ ಏರ್ತಿತ್ತು, ಕೆನ್ನೆ ಕೋವಿಯ ಮರದ ಹಿಡಿಗೆ ತಾಗ್ತಿತ್ತು. ಗಾಳಿಗೆ ಕಾಯಿ ತೂಗಿದ್ರೆ ಕೋವಿ ಇಳಿಸಿ ಮತ್ತೆ ಮೊದಲಿಂದ. ಪ್ರತಿ ವರ್ಷ ಇದೇ ಕ್ರಮ, ಒಂದು ಹೆಜ್ಜೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇದಕ್ಕೆ ಅವರೇನೂ ಹೆಸರಿಟ್ಟಿರಲಿಲ್ಲ. ನಮ್ಮ ಕೋಚ್ ‘ಶಾಟ್ ಪ್ರೋಸೆಸ್’ ಅಂತಾರೆ.

ಅದರಲ್ಲಿ ಆ ‘ಇಳಿಸೋದು’ ಉಂಟಲ್ಲ, ಅದು ತುಂಬ ದೊಡ್ಡ ವಿಷಯ. ಹೊಸಬರಿಗೆ ಕಲಿಸೋಕೆ ಅತಿ ಕಷ್ಟ ಅದೇ. ರೈಫಲ್ ಎತ್ತಿ ಉಸಿರು ಹಿಡಿದ ಮೇಲೆ ಕೆಲವೇ ಸೆಕೆಂಡು ಚೆನ್ನಾಗಿ ನಿಲ್ಲುತ್ತೆ, ಆಮೇಲೆ ಕಣ್ಣು ಮಂಜಾಗುತ್ತೆ, ತೋಳು ನಡುಗುತ್ತೆ. ಆಗ ‘ಹೇಗೂ ಇಷ್ಟು ಹೊತ್ತು ಹಿಡಿದಿದ್ದೀನಿ, ಬಿಟ್ಟೇಬಿಡೋಣ’ ಅಂತ ಒತ್ತಿದ್ರೆ ಎಂಟು, ಒಂಬತ್ತು. ಇಳಿಸಿ ಮತ್ತೆ ಎತ್ತಿದ್ರೆ ಹತ್ತು. ಏರ್ ರೈಫಲ್‌ನಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಹತ್ತು ಮೀಟರ್ ದೂರದಲ್ಲಿ. ಫೈನಲ್ಸಲ್ಲಿ ಒಂದೊಂದೇ ಗುಂಡು ಹೊಡೆಯುವ ಹಂತದಲ್ಲಿ ಸಿಗೋದು 50 ಸೆಕೆಂಡ್. ಒಂದ್ಸಲ ಇಳಿಸಿ ಮತ್ತೆ ಎತ್ತೋಕೂ ಸಮಯ ಉಳಿಯೋ ಹಾಗೆ ನನ್ನ ಕ್ರಮ ಇರ್ಬೇಕು. ಇಲ್ದಿದ್ರೆ ಅದು ಮನೆಯಲ್ಲಿ ಚೆಂದ, ಅಷ್ಟೇ.

ನಾಲ್ನಾಡಿನವ:

ಇದು ಹೊಸ ವಿಷಯ ನನಗೆ. ಆದ್ರೆ ಕ್ರಮ ಒಂದ್ಸಲ ತಪ್ಪಿದ್ರೆ ಆಕಾಶ ಏನು ಬೀಳುತ್ತಾ?

ತೋಕ್‌ಪೂ:

ಕೆಲವು ಸಲ ಬೀಳುತ್ತೆ ಅಣ್ಣ. 2004ರ ಅಥೆನ್ಸ್ ಒಲಿಂಪಿಕ್ಸ್, 50 ಮೀಟರ್ ರೈಫಲ್ ತ್ರೀ ಪೊಸಿಷನ್ (ಮೂರು ಭಂಗಿಯದು) ಫೈನಲ್. ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೇ ಗುಂಡಿನವರೆಗೆ ಮುಂದಿದ್ದ. ಸಾಧಾರಣ ಅಂಕ ಬಂದಿದ್ರೂ ಚಿನ್ನ ಅವನದೇ. ಹೊಡೆದ, ಗುಂಡು ಸರಿಯಾಗೇ ಬಿತ್ತು, ಆದ್ರೆ ಪಕ್ಕದ ಲೇನಿನವನ ಗುರಿಯ ಮೇಲೆ. ಸೊನ್ನೆ. ಮೊದಲನೇ ಸ್ಥಾನದಿಂದ ಎಂಟನೇ ಸ್ಥಾನಕ್ಕೆ. ಚಿನ್ನ ಚೀನಾದ ಜಿಯಾ ಝಾನ್ಬೋಗೆ ಹೋಯ್ತು.

ನಮ್ಮ ರೇಂಜಲ್ಲಿ ಈ ಕಥೆಯನ್ನ ಎಲ್ಲರೂ ಹೇಳ್ತಾರೆ, ಆದ್ರೆ ಮುಖ್ಯ ಭಾಗ ಬಿಡ್ತಾರೆ. ಅವನ ಕ್ರಮದಲ್ಲಿ ಮೊದಲು ಗುರಿಯ ಮೇಲಿನ ನಂಬರ್ ನೋಡೋದು, ಆಮೇಲೆ ನೋಟವನ್ನ ಕೆಳಗೆ ಇಳಿಸೋದು ಅಂತ ಇತ್ತು. ಆ ಗುಂಡಿಗೆ ಮಾತ್ರ ನಂಬರ್ ನೋಡ್ಲಿಲ್ಲ, ಯಾಕಂದ್ರೆ ಅವನು ತನ್ನನ್ನ ತಾನು ಸಮಾಧಾನ ಮಾಡ್ಕೊಳ್ಳೋದ್ರಲ್ಲಿ ಇದ್ದ. ಆಮೇಲೆ ಅವನೇ ಹೇಳಿದ್ದು ಇದು. ಮೇಷ್ಟ್ರು ಮೇಲೆ ಬರೆದದ್ದು ಇಲ್ಲಿ ಸರಿ ಕೂರುತ್ತೆ: ಶಾಂತವಾಗೋಕೆ ಹೊರಟು ಕ್ರಮ ಬಿಟ್ಟ. ಕ್ರಮ ಹಿಡಿದಿದ್ರೆ ಶಾಂತಿ ಇಲ್ದೇನೂ ಗೆಲ್ತಿದ್ದ.

ಇನ್ನೊಂದು ಬದಿ 2008ರ ಬೀಜಿಂಗ್ ಒಲಿಂಪಿಕ್ಸ್, ಏರ್ ರೈಫಲ್ ಫೈನಲ್. ಅಭಿನವ್ ಬಿಂದ್ರಾ, ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಇಬ್ಬರೂ ಕೊನೇ ಗುಂಡಿಗೆ ಬರುವಾಗ ಸಮ ಸಮ. ಬಿಂದ್ರಾ 10.8 ಹೊಡೆದು ಚಿನ್ನ ಗೆದ್ರು, ಆ ಫೈನಲ್ಸಲ್ಲಿ ಅವರ ಅತಿ ಒಳ್ಳೇ ಗುಂಡು ಅದು. ಹಕ್ಕಿನೆನ್‌ದು 9.7, ಕಂಚಿಗೆ ಇಳಿದ.

ಬ್ರಹ್ಮಗಿರಿ:

ತಾತನ ಕಥೆ ಒಪ್ಪಿದೆ ತಂಗಿ. ಅಮೆರಿಕದವನ ಕಥೆಯಂತೂ ಪಾಪ ಅನಿಸ್ತು.

ಪ್ಯಾಡ್ ಕಟ್ಟಿದವ:

ಎಲ್ಲರೂ ಹೊಡೆಯುವವರ ಪರ ಮಾತಾಡ್ತಿದ್ದೀರಿ, ಕೀಪರ್ ಕಡೆಯಿಂದ ಒಂದು ಮಾತು. ಎ.ಬಿ. ಸುಬ್ಬಯ್ಯನವರಂಥ ಗೋಲ್‌ಕೀಪರನ್ನ ಕೊಟ್ಟ ಜಿಲ್ಲೆಯಪ್ಪ ಇದು!

ಸ್ಟ್ರೋಕಲ್ಲಿ ನಿಯಮ ಹೊಡೆಯುವವನ ಕಡೆಗೇ ಉಂಟು. ಚೆಂಡು ಆರೂವರೆ ಮೀಟರ್ ದೂರದಲ್ಲಿ, ನಾನು ಗೆರೆ ಮೇಲೆ, ಅವನು ಚೆಂಡು ಮುಟ್ಟುವವರೆಗೆ ಪಾದ ಕೀಳುವ ಹಾಗಿಲ್ಲ. ಗಣಿತ ನೋಡಿದ್ರೆ ನಾನು ತಡೀಲೇಬಾರದು. ಆದ್ರೂ ತಡೀತೀನಿ. ಯಾಕೆ ಗೊತ್ತಾ? ಅರ್ಧ ಜನ ಅವರಾಗಿ ನನಗೆ ಕೊಡ್ತಾರೆ. ಅಂಥವರನ್ನ ಸೀಟಿಗೆ ಮೊದಲೇ ಗುರುತಿಸಬಹುದು. ಚೆಂಡು ಇಟ್ಟು ಒಮ್ಮೆ ಸರಿಸ್ತಾನೆ, ಮತ್ತೆ ಸರಿಸ್ತಾನೆ, ನನ್ನ ನೋಡ್ತಾನೆ, ಅಂಪೈರ್ ನೋಡ್ತಾನೆ, ಜನರ ಕಡೆ ನೋಡ್ತಾನೆ. ಸೀಟಿ ಆದ ಮರುಕ್ಷಣ ತಳ್ಳಿಬಿಡ್ತಾನೆ, ಒಟ್ಟು ಮುಗಿದ್ರೆ ಸಾಕು ಅಂತ. ಫುಟ್‌ಬಾಲ್ ಪೆನಾಲ್ಟಿಯಲ್ಲೂ ಹೀಗೇ ಅಂತ ನಾರ್ವೆಯ ಗೈರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ವಿಡಿಯೋ ನೋಡಿ ಬರೆದಿದ್ದಾರೆ: ಸೀಟಿ ಆದ ಕೂಡಲೇ ಓಡುವವರು ತಪ್ಪಿಸೋದು ಹೆಚ್ಚು. ನನಗೆ ಭಯ ಆಗೋದು ಸೀಟಿ ಆದ ಮೇಲೂ ಒಂದು ಉಸಿರು ಎಳೆದು ಬಿಡುವವನನ್ನ ನೋಡಿದ್ರೆ.

ಇನ್ನೂ ಒಂದು ಗುಟ್ಟು. ನಾವು ಕೀಪರುಗಳು ಬೇಕೂಂತಲೇ ತಡ ಮಾಡ್ತೀವಿ. ಗ್ಲೌಸ್ ಸರಿಮಾಡೋದು, ಪ್ಯಾಡಿನ ಪಟ್ಟಿ ಬಿಗಿಮಾಡೋದು, ಅಂಪೈರ್ ಬೈಯುವವರೆಗೆ. ನಿಮ್ಮ ಹುಡುಗರ ರೂಟೀನ್‌ನಲ್ಲಿ ಇದಕ್ಕೂ ಜಾಗ ಇರ್ಲಿ. ಮಧ್ಯೆ ತಡೆ ಬಂದ್ರೆ ಅರ್ಧದಿಂದ ಮುಂದುವರಿಸಬಾರದು. ಚೆಂಡಿಂದ ಒಂದು ಹೆಜ್ಜೆ ಹಿಂದೆ ಬಂದು ಮೊದಲಿಂದ ಶುರು ಮಾಡಬೇಕು. ಇದನ್ನ ಹೇಳಿ ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕ್ಕೊಂಡೆ ಅನಿಸ್ತದೆ.

ಪಿ.ಟಿ. ಮೇಷ್ಟ್ರು:

ಇದನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು. ಅವರು ಹೇಳಿದ ‘ಕಣ್ಣು ಅಲೆಯೋದು’ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಡೀ ವಿಷಯದಲ್ಲಿ ಅತಿ ಗಟ್ಟಿ ಪುರಾವೆ ಇರೋದು ಬಹುಶಃ ಇದಕ್ಕೇ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್, ಆಟಗಾರರ ಕಣ್ಣು ಎಲ್ಲಿ ನಿಲ್ಲುತ್ತೆ ಅಂತ ಅಳೆಯುವ ಸಾಧನ ತೊಡಿಸಿ ಬಾಸ್ಕೆಟ್‌ಬಾಲ್ ಫ್ರೀ ಥ್ರೋ ನೋಡಿದ್ರು, 1996ರಲ್ಲಿ ಪ್ರಕಟ ಮಾಡಿದ್ರು. ಒಳ್ಳೇ ಶೂಟರುಗಳು ಕೈ ಚಲಿಸೋ ಮುಂಚೆ ರಿಂಗಿನ ಒಂದೇ ಜಾಗದ ಮೇಲೆ ಕಣ್ಣನ್ನ ಹೆಚ್ಚು ಹೊತ್ತು ನಿಲ್ಲಿಸ್ತಾರೆ. ಕಮ್ಮಿ ನುರಿತವರ ಕಣ್ಣು ಬೇಗ ಜಿಗಿಯುತ್ತೆ. ಆ ಕೊನೆಯ ಸ್ಥಿರ ನೋಟಕ್ಕೆ ಅವರು ‘ಕ್ವಯಟ್ ಐ’ ಅಂದ್ರು. ಆಮೇಲೆ ಗಾಲ್ಫ್, ಶೂಟಿಂಗ್, ಫುಟ್‌ಬಾಲ್ ಪೆನಾಲ್ಟಿ ಎಲ್ಲದರಲ್ಲೂ ಇದನ್ನ ಹುಡುಕಿದ್ದಾರೆ. ಆತಂಕ ಹೆಚ್ಚಾದ ಹಾಗೆ ಈ ನೋಟ ಮೊಟಕಾಗುತ್ತೆ, ಪೆನಾಲ್ಟಿಯಲ್ಲಂತೂ ಕಣ್ಣು ಮೂಲೆ ಬಿಟ್ಟು ಕೀಪರ್ ಕಡೆಗೆ ಎಳೆಯುತ್ತೆ. ಕಣ್ಣು ಹೋದ ಕಡೆ ಚೆಂಡೂ ಹೋಗುತ್ತೆ. ನಾಲ್ನಾಡಿನವರ ಹುಡುಗರು ಪ್ಯಾಡಿಗೆ ಕೊಟ್ಟದ್ದು ಹೀಗೇ ಇರಬೇಕು.

ಹಾಗಾಗಿ ಸ್ಟ್ರೋಕಿಗೆ ನನ್ನ ಸಲಹೆ: ಚೆಂಡು ಇಡುವ ಮೊದಲೇ ಮೂಲೆ ತೀರ್ಮಾನ ಆಗಿರಬೇಕು. ಚೆಂಡಿನ ಹಿಂದೆ ನಿಂತು ಆ ಮೂಲೆಯ ಬಲೆಯಲ್ಲಿ ಒಂದು ಗಂಟು ಆರಿಸಿ ನೋಡಬೇಕು, ಬರೀ ‘ಎಡಕ್ಕೆ’ ಅಂದ್ರೆ ಸಾಲದು. ಉದ್ದ ಉಸಿರು ಬಿಡಬೇಕು. ಒಂದು ಪದ ಮನಸ್ಸಲ್ಲಿ, ಅದು ಗುರಿಯದ್ದಾಗಿರಲಿ, ಕೈಯದ್ದಲ್ಲ. ‘ಗಂಟು’ ಅನ್ನಿ, ‘ಮಣಿಕಟ್ಟು’ ಅನ್ನಬೇಡಿ. ನೋಟ ಚೆಂಡಿಗೆ ಇಳಿದು ನಿಲ್ಲಬೇಕು, ಆಮೇಲೆ ತಳ್ಳಬೇಕು. ಮೂಲೆ ಆರಿಸಿದ ಮೇಲೆ ಕೀಪರ್ ಕಡೆ ನೋಡಲೇಬಾರದು. ಅವನು ಏನು ಡ್ಯಾನ್ಸ್ ಮಾಡಿದ್ರೂ.

ಕುಶಾಲನಗರದ ಅಮ್ಮ:

ನಮಸ್ತೆ. ನನ್ನ ಮಗಳು ಬಾಸ್ಕೆಟ್‌ಬಾಲ್ ಆಡ್ತಾಳೆ, ಹಾಸ್ಟೆಲಲ್ಲಿದ್ದಾಳೆ. ನೀವೆಲ್ಲ ರೂಟೀನ್ ಅಂತಿದ್ದೀರಿ. ಅವಳದೂ ಒಂದುಂಟು: ನೀಲಿ ಸಾಕ್ಸೇ ಬೇಕು, ಎಡಗಾಲಿನ ಶೂ ಮೊದಲು ಹಾಕ್ಬೇಕು, ಬಸ್ಸಲ್ಲಿ ಕಿಟಕಿ ಸೀಟೇ ಆಗ್ಬೇಕು. ಹೋದ ಜಿಲ್ಲಾ ಮಟ್ಟದ ಪಂದ್ಯಕ್ಕೆ ಮಳೆಗೆ ಸಾಕ್ಸ್ ಒಣಗಿರ್ಲಿಲ್ಲ (ಕೊಡಗಿನ ಜುಲೈ, ಯಾರ ಸಾಕ್ಸ್ ಒಣಗುತ್ತೆ ಹೇಳಿ). ಫೋನಲ್ಲಿ ಅತ್ತಿದ್ದಳು. ಇದೂ ಅದೇನಾ?

ಪಿ.ಟಿ. ಮೇಷ್ಟ್ರು:

ಅಲ್ಲಮ್ಮ. ಸಾಕ್ಸು, ಕಿಟಕಿ ಸೀಟು ಅವಳ ಕೈಯಲ್ಲಿಲ್ಲ. ಮಳೆ ಬಂದ್ರೆ, ಬೇರೆಯವರು ಕೂತ್ರೆ ಹೋಯ್ತು. ಅಲ್ಲದೆ ಚೆಂಡು ಎಸೆಯುವ ಆ ಕ್ಷಣಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಗೆರೆಯ ಮೇಲೆ ನಿಂತಾಗ ಉಸಿರು, ಕಣ್ಣು, ಚೆಂಡು ಪುಟಿಸೋದು, ಇವು ಎಲ್ಲಿ ಹೋದ್ರೂ ಅವಳ ಜೊತೆ ಇರುತ್ತವೆ. ಸಾಕ್ಸ್ ಬಿಡು ಅಂತ ಜಗಳ ಆಡಬೇಡಿ, ಅದು ಇರೋದಾದ್ರೆ ಇರ್ಲಿ. ಗೆರೆಯ ಮೇಲಿನದ್ದು ಗಟ್ಟಿಯಾದ್ರೆ ಸಾಕ್ಸ್ ತಾನಾಗಿ ಮರೆಯುತ್ತೆ. ಅಂತರರಾಷ್ಟ್ರೀಯ ನಿಯಮದಲ್ಲಿ ರೆಫರಿ ಚೆಂಡು ಕೊಟ್ಟ ಮೇಲೆ ಸಿಗೋದು 5 ಸೆಕೆಂಡ್. ಅಷ್ಟರೊಳಗೆ ಮುಗಿಯುವಂಥದ್ದನ್ನ ಅವಳೇ ಕಟ್ಟಿಕೊಳ್ಳಲಿ.

ಕಾರ್ನರ್ ಪುಷರ್:

ಸ್ಟ್ರೋಕ್ ಆಯ್ತು. ಪೆನಾಲ್ಟಿ ಕಾರ್ನರ್ ಬಗ್ಗೆ ಯಾರೂ ಬರೀಲಿಲ್ಲ, ಅದರಲ್ಲೂ ತುಂಬ ಗೋಲು ಬೀಳುತ್ತೆ. ನಾನು ಪೊನ್ನಂಪೇಟೆ ಟರ್ಫಲ್ಲಿ ಆಡಿ ಬೆಳೆದವ, ಕೆಲಸ ಕಾರ್ನರಲ್ಲಿ ಹಿಂದಿನ ಗೆರೆಯಿಂದ ಚೆಂಡು ಒಳಗೆ ತಳ್ಳೋದು.

ಕಾರ್ನರಲ್ಲಿ ಮೂರು ಜನರ ಕ್ರಮ ಒಂದಕ್ಕೊಂದು ಹೊಂದಿಕೊಂಡಿರಬೇಕು. ನಾನು ತಳ್ಳಬೇಕು, ಒಬ್ಬ ನಿಲ್ಲಿಸಬೇಕು, ಒಬ್ಬ ಹೊಡೀಬೇಕು. ಡ್ರ್ಯಾಗ್ ಫ್ಲಿಕ್ (ಚೆಂಡನ್ನ ಸ್ಟಿಕ್ಕಲ್ಲಿ ಎಳೆದು ಚಿಮ್ಮಿಸೋದು) ಮಾಡುವವನಿಗೆ ತಾನು ಯಾವಾಗ ಶುರು ಮಾಡ್ಬೇಕು ಅನ್ನೋದು ಅವನ ಕೈಲಿಲ್ಲ, ನನ್ನ ಕೈಲಿದೆ. ನಾನು ಗಡಿಬಿಡಿ ಮಾಡಿದ್ರೆ ಅವನ ಉಸಿರು ಅರ್ಧದಲ್ಲೇ ತುಂಡಾಗುತ್ತೆ. ಅದಕ್ಕೆ ನಮ್ಮಲ್ಲಿ ಫ್ಲಿಕ್ಕರ್ ತಾನು ಸಿದ್ಧ ಅಂತ ಸ್ಟಿಕ್ ನೆಲಕ್ಕೆ ತಾಗಿಸ್ತಾನೆ, ಅದು ಕಂಡ ಮೇಲೆಯೇ ನಾನು ತಲೆ ತಗ್ಗಿಸೋದು. ತಲೆ ತಗ್ಗಿಸಿದಲ್ಲಿಂದ ತಳ್ಳುವವರೆಗಿನ ಅಂತರ ಯಾವತ್ತೂ ಒಂದೇ. ದೊಡ್ಡ ಪಂದ್ಯಗಳಲ್ಲಿ ಕಾರ್ನರ್ ಕೊಟ್ಟ ಮೇಲೆ 40 ಸೆಕೆಂಡ್ ಸಿಗುತ್ತೆ, ಇಷ್ಟೆಲ್ಲ ಮಾಡೋಕೆ ಧಾರಾಳ ಸಾಕು. ನಮ್ಮ ಜಿಲ್ಲೆಯ ವಿ.ಆರ್. ರಘುನಾಥ್ ಫ್ಲಿಕ್ ಮಾಡ್ತಿದ್ದ ಕಾಲದ ವಿಡಿಯೋ ನೋಡುವಾಗ ಎಲ್ಲರೂ ಅವರನ್ನೇ ನೋಡ್ತಾರೆ. ಪುಷರನ್ನೂ ಸ್ಟಾಪರನ್ನೂ ನೋಡಿ ಸ್ವಾಮಿ.

ಒಕ್ಕದ ಟೂರ್ನಮೆಂಟಲ್ಲಿ ಒಂದು ತೊಂದರೆ: ಟರ್ಫ್ ಇಲ್ಲ, ಮಣ್ಣು-ಹುಲ್ಲಿನ ಮೈದಾನ, ಚೆಂಡು ಎಗರುತ್ತೆ. ಸ್ಟಾಪ್ ಕೆಟ್ಟರೆ ಫ್ಲಿಕ್ ಮಾಡೋಕೆ ಹೋಗಬಾರದು. ‘ಕೆಟ್ಟ ಸ್ಟಾಪ್ ಆದ್ರೆ ಬಲಗಡೆಯವನಿಗೆ ಕೊಡು’ ಅಂತ ಮೊದಲೇ ಮಾತಾಗಿರಬೇಕು. ಆ ಅಕ್ಕ ಕೋವಿ ಇಳಿಸೋದು ಅಂದ್ರಲ್ಲ, ನಮ್ಮದು ಅದೇ.

ನಾಲ್ನಾಡಿನವ:

ಬರೆದುಕೊಳ್ತಾ ಇದ್ದೀನಿ. ಮತ್ತೆ ಶೂಟೌಟ್? ಪಂದ್ಯ ಸಮ ಆದಾಗ 23 ಮೀಟರ್ ಗೆರೆಯಿಂದ ಒಬ್ಬನೇ ಚೆಂಡು ತಂದು 8 ಸೆಕೆಂಡಲ್ಲಿ ಕೀಪರನ್ನ ದಾಟಿಸೋದು. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಬ್ರಿಟನ್ ವಿರುದ್ಧ ಕ್ವಾರ್ಟರ್ ಫೈನಲ್ ಭಾರತ ಗೆದ್ದದ್ದು ಅದರಲ್ಲೇ, ಹತ್ತು ಜನ ಇಟ್ಕೊಂಡು 1–1 ಮಾಡಿ ಆಮೇಲೆ 4–2.

ಪ್ಯಾಡ್ ಕಟ್ಟಿದವ:

ಅದರಲ್ಲಿ ರೂಟೀನ್ ನಡೆಯೋಲ್ಲ. ನಾನು ಮುಂದೆ ಓಡಿ ಬರ್ತೀನಿ, ಅವನು ನನ್ನ ನೋಡಿ ಆಡ್ಬೇಕು. ಆ ಪಂದ್ಯದ ನಮ್ಮ ಕೀಪರ್ ಶ್ರೀಜೇಶ್ ಥರದವರು ಎದುರಿಗೆ ಬರುವಾಗ ಉಸಿರು ಎಣಿಸಿಕೊಂಡು ನಿಲ್ಲೋಕಾಗುತ್ತಾ?

ಪಿ.ಟಿ. ಮೇಷ್ಟ್ರು:

ಸೀಟಿಯವರೆಗೆ ನಡೆಯುತ್ತೆ, ಸೀಟಿ ಆದ ಮೇಲೆ ಇಲ್ಲ. ಮಧ್ಯದ ಗೆರೆಯಿಂದ ನಡೆದು ಬರುವ ಆ ಉದ್ದ ದಾರಿ ಉಂಟಲ್ಲ, ಹುಡುಗರು ಕೆಡೋದು ಅಲ್ಲೇ. ಅದಕ್ಕೊಂದು ಕ್ರಮ ಬೇಕು. ಮೊದಲ ಎರಡು ಸ್ಪರ್ಶ ಏನು ಅಂತ ತೀರ್ಮಾನ ಆಗಿರಲಿ, ಆಮೇಲಿನದು ಕೀಪರ್ ನೋಡಿ.

ಪ್ಯಾಡ್ ಕಟ್ಟಿದವ:

ಎರಡು ಸ್ಪರ್ಶ ಮೊದಲೇ ತೀರ್ಮಾನ ಮಾಡಿಕೊಂಡವನನ್ನ ನಾನು ಮೂರನೇದಕ್ಕೆ ಕಾಯ್ತೀನಿ ಮೇಷ್ಟ್ರೇ. ಇದರಲ್ಲಿ ನಿಮ್ಮ ನಮ್ಮ ಲೆಕ್ಕ ಕೂಡೋಲ್ಲ.

ಬ್ರಹ್ಮಗಿರಿ:

ನಾನೂ ಸ್ವಲ್ಪ ಓದಿದೆ. ಜರ್ಮನಿಯಲ್ಲಿ ಬೆಕ್ಮನ್ ಮತ್ತವರ ಜೊತೆಗಾರರು 2013ರಲ್ಲಿ ಬರೆದದ್ದಂತೆ: ಬಲಗೈ ರೂಢಿಯವರು ಆಟಕ್ಕೆ ಮುಂಚೆ ಎಡಗೈಯಲ್ಲಿ ಚೆಂಡು ಹಿಸುಕಿದ್ರೆ ಒತ್ತಡದಲ್ಲಿ ಗುರಿ ಕೆಡೋಲ್ಲ. ಫುಟ್‌ಬಾಲ್, ಬ್ಯಾಡ್ಮಿಂಟನ್, ಟೆಕ್ವಾಂಡೋದವರ ಮೇಲೆ ನೋಡಿದ್ದಾರಂತೆ. ಹಾಗಾದ್ರೆ ಕಿತ್ತಳೆ ಹಿಸುಕಬಹುದಾ? ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ.

ಪಿ.ಟಿ. ಮೇಷ್ಟ್ರು:

ಹಿಸುಕಿ, ನಷ್ಟ ಏನಿಲ್ಲ. ಆದರೆ ನಾನು ಅದರ ಮೇಲೆ ಪಂದ್ಯ ಕಟ್ಟೋಲ್ಲ. ನಾನು ದುಡ್ಡು ಕಟ್ಟೋದು ಅಭ್ಯಾಸದ ರೀತಿಯ ಮೇಲೆ. ಪಂದ್ಯದ ದಿನ ಬೆಳಿಗ್ಗೆ ಹುಡುಗರಿಗೆ ರೂಟೀನ್ ಹೇಳಿಕೊಟ್ರೆ ಅದು ಇನ್ನೊಂದು ಪಾಠ ಆಗುತ್ತೆ, ಮಾಸ್ಟರ್ಸ್ ತೋರಿಸಿದ ಅದೇ ಗುಂಡಿ. ವಾರಗಟ್ಟಲೆ, ಪ್ರತಿ ಸ್ಟ್ರೋಕಿಗೂ, ಮಳೆಗಾಳಿ ಏನಿದ್ರೂ ಅದೇ ಕ್ರಮ ಆಗಿ ಯೋಚನೆ ಮಾಡದೆ ಬರುವ ಹಾಗಾಗಬೇಕು. ಆಮೇಲೆ ಒತ್ತಡ ಬೆರೆಸಬೇಕು. ನೆದರ್ಲೆಂಡ್ಸಿನ ಔಡೆಜಾನ್ಸ್ ಮತ್ತು ಪೈಪರ್ಸ್, ಜನರನ್ನ ಹತ್ತುವ ಗೋಡೆಯ ಮೇಲೆ ಎತ್ತರದಲ್ಲಿ ನಿಲ್ಲಿಸಿ ಡಾರ್ಟ್ ಎಸೆಸಿದ್ರು. ಸ್ವಲ್ಪ ಹೆದರಿಕೆಯಲ್ಲಿ ಅಭ್ಯಾಸ ಮಾಡಿದವರು ಆಮೇಲೆ ಹೆಚ್ಚು ಹೆದರಿಕೆಯಲ್ಲೂ ಗುರಿ ಉಳಿಸಿಕೊಂಡ್ರು. ನಮಗೆ ಗೋಡೆ ಬೇಡ, ಒಕ್ಕದವರು ಸಾಕು. ಬಕೆಟ್ ತುಂಬ ಚೆಂಡಿಟ್ಟು ಒಂದರ ಮೇಲೊಂದು ಹೊಡೆಸೋದು ಬಿಡಿ. ಪಂದ್ಯದಲ್ಲಿ ಸಿಗೋದು ಒಂದೇ ಸ್ಟ್ರೋಕ್. ಮೈದಾನದ ಸುತ್ತ ಓಡಿಸಿ ಏದುಸಿರಲ್ಲಿರುವಾಗ ಕರೆದು ಒಂದೇ ಕೊಡಿ. ತಪ್ಪಿದ್ರೆ ಮತ್ತೆ ಸರದಿ ನಾಳೆ.

ನಾಲ್ನಾಡಿನವ:

ತಪ್ಪಿದವ ಎಲ್ಲರಿಗೂ ಪಂದಿಕರಿ (ಹಂದಿ ಮಾಂಸದ ಸಾರು) ಮಾಡಿ ಹಾಕ್ಬೇಕು ಅಂತ ಇಟ್ರೆ?

ಬ್ರಹ್ಮಗಿರಿ:

ಹಾಗಾದ್ರೆ ನಾನೇ ಬಂದು ಪ್ರತಿ ಸ್ಟ್ರೋಕಿಗೂ ಹಿಂದಿಂದ ಕೂಗ್ತೀನಿ.

ಕಾರ್ನರ್ ಪುಷರ್:

ಅಣ್ಣ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಹಬ್ಬ ಶುರು ಮಾಡಿದಾಗ ಅರವತ್ತು ಒಕ್ಕ. 2024ರಲ್ಲಿ ನಾಪೋಕ್ಲಿನಲ್ಲಿ 360, ಗಿನ್ನೆಸ್ ದಾಖಲೆ. ಅಷ್ಟು ಟೀಮಲ್ಲಿ ಸ್ಟ್ರೋಕನ್ನ ಬೇರೆಯಾಗಿ ಅಭ್ಯಾಸ ಮಾಡಿಕೊಂಡು ಬರುವವರು ಎಷ್ಟಿರಬಹುದು? ಹೆಚ್ಚಿನವರು ಹಿಂದಿನ ಸಂಜೆ ಜೆರ್ಸಿ ಹಂಚುವಾಗ ‘ಸ್ಟ್ರೋಕ್ ಬಂದ್ರೆ ನೀನು ತಗೋ’ ಅಂತಾರೆ, ಅಷ್ಟೇ. ನೀವು ಈಗಲೇ ಶುರು ಮಾಡಿದ್ರೆ ಅರ್ಧ ಗೆದ್ದ ಹಾಗೆ.

ನಾಲ್ನಾಡಿನವ:

ಸರಿ ಹಾಗಾದ್ರೆ. ಇಬ್ಬರನ್ನ ಮಾತ್ರ ಸ್ಟ್ರೋಕಿಗೆ ಆರಿಸ್ತೀನಿ, ಅವರದೇ ಕ್ರಮ ಅವರೇ ಕಟ್ಟಿಕೊಳ್ಳಲಿ. ತಂಗಿ ಮಗಳು ಒಬ್ಬಳು, ಅವಳಿಗೆ ಕಣ್ಣು ಗಟ್ಟಿ ಉಂಟು. ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಬಯಲಲ್ಲಿ ಸೇರ್ತೀವಿ. ಪ್ಯಾಡ್ ಕಟ್ಟಿದವರೇ, ನೀವು ಬಂದು ಗೆರೆ ಮೇಲೆ ನಿಲ್ಲಬಹುದಾ? ಪೆಟ್ರೋಲ್ ಖರ್ಚು ನನ್ನದು.

ಪ್ಯಾಡ್ ಕಟ್ಟಿದವ:

ಬರ್ತೀನಿ. ಗ್ಲೌಸ್ ಸರಿಮಾಡೋಕೆ ಐದೈದು ನಿಮಿಷ ತಗೊಳ್ತೀನಿ, ಯಾರೂ ಬೈಬಾರದು. ನಮ್ಮ ಟೀಮೂ ನಿಮ್ಮದೇ ಪೂಲಲ್ಲಿ ಬಂದ್ರೆ ಮಾತ್ರ ಆ ಇಬ್ಬರ ಮೂಲೆ ನನಗೆ ಗೊತ್ತಿರುತ್ತೆ, ಈಗಲೇ ಹೇಳಿದ್ದೀನಿ.